ಬೈಟಿನೊಳಗಿನ ಖರಾಬು

ಪಹಣಿಯಲ್ಲಿ ಒಂದು ಪ್ರಾಮಾಣಿಕತೆ ಇದೆ. ವಿಸ್ತೀರ್ಣದ ಕಾಲಂನಲ್ಲಿ ಒಟ್ಟು ಇಷ್ಟು ಎಂದು ಬರೆದು, ಅದರ ಕೆಳಗೇ ಫೂಟ್ ಖರಾಬ್ ‘ಎ’ ಇಷ್ಟು, ‘ಬಿ’ ಇಷ್ಟು ಎಂದು ಕಳೆದು, ಉಳಿಕೆ ಎಷ್ಟೆಂದು ತೋರಿಸಿಬಿಡುತ್ತಾರೆ. ಬಂಡೆ, ಉಳಲಾಗದ ನೆಲ ‘ಎ’. ದಾರಿ, ಕೆರೆ, ಸ್ಮಶಾನದಂಥ ಸಾರ್ವಜನಿಕ ಬಳಕೆಯದು ‘ಬಿ’. ಎರಡೂ ಲೆಕ್ಕದಲ್ಲಿವೆ, ಎರಡೂ ಬಿತ್ತನೆಗೆ ಬಾರವು. ಕೆಂಗೇರಿ ಹೋಬಳಿಯಲ್ಲಿ ಜಮೀನು ನೋಡಲು ಹೋದ ಯಾವನೇ ಬುದ್ಧಿವಂತ ರೇಟು ವಿಚಾರಿಸುವ ಮುಂಚೆಯೇ ಕೇಳುತ್ತಾನೆ: ‘ಖರಾಬ್ ಎಷ್ಟಿದೆ?’

ಅದೇ ಬುದ್ಧಿವಂತ ಸೋಮವಾರ ಬೆಳಿಗ್ಗೆ ಕಂಪ್ಯೂಟರ್ ಮುಂದೆ ಕೂತು ಡೇಟಾಬೇಸಿನಲ್ಲಿ ಟೇಬಲ್ ಕಟ್ಟುವಾಗ ಈ ಪ್ರಶ್ನೆಯನ್ನು ಮರೆಯುತ್ತಾನೆ. ಅಲ್ಲಿ ಖರಾಬಿಗೆ ಕಾಲಮ್ಮೇ ಇಲ್ಲ. ಬಾಡಿಗೆ ಮಾತ್ರ ಪೂರಾ ವಿಸ್ತೀರ್ಣಕ್ಕೆ.

ಕೆಂಗೇರಿ ಉಪನಗರದ ಒಂದು ಕಂಪನಿಯ ಕಥೆ ಹೇಳುತ್ತೇನೆ. ಹೆಸರು ಬೇಡ. ಕೆಳಗೆ ಬೇಕರಿ, ಮೇಲೆ ಕಂಪನಿ, ಅದರ ಮೇಲೆ ಓನರ್ ಮನೆ. ಗುರುತು ಹಿಡಿಯಲು ಹೊರಟರೆ ಇಂಥವು ಕ್ರಾಸಿಗೊಂದು ಸಿಗುತ್ತವೆ. 2021ರ ಆಗಸ್ಟ್ ಕೊನೆಗೆ ನೇರಳೆ ಮೆಟ್ರೊ ಕೆಂಗೇರಿ ಮುಟ್ಟಿತು, 2023ರ ಅಕ್ಟೋಬರಿನಲ್ಲಿ ಚಲ್ಲಘಟ್ಟಕ್ಕೂ ಹೋಯಿತು. ರೈಲಿನ ಜೊತೆಗೆ ವೈಟ್‌ಫೀಲ್ಡಿನ ಪದವಿಗಳೂ ಇತ್ತ ಕಡೆ ಬಂದಿಳಿದವು. ಅದುವರೆಗೆ ‘ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ’ ಆಗಿದ್ದವನು ‘ಪ್ರಿನ್ಸಿಪಲ್ ಆರ್ಕಿಟೆಕ್ಟ್’ ಆದ. ಕಂಪನಿಯ ಕಸುಬು ಏನೆಂದರೆ ಲೇಔಟ್ ಮಾಡುವವರಿಗೆ, ಜಮೀನು ವ್ಯವಹಾರದವರಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುವುದು. ಯಾವ ಸರ್ವೆ ನಂಬರು, ಎಷ್ಟನೇ ಹಿಸ್ಸೆ, ಎಷ್ಟು ಎಕರೆ, ಎಷ್ಟು ಗುಂಟೆ, ಯಾರ ಹೆಸರಿಗೆ, ಎಷ್ಟು ಅಡ್ವಾನ್ಸ್.

ಆರ್ಕಿಟೆಕ್ಟ್ ಮಹಾಶಯರು ಪದವಿ ಬಂದ ವಾರವೇ ಒಂದು ಘೋಷಣೆ ಮಾಡಿದರು. ಇಂಟಿಜರ್, ಟೆಕ್ಸ್ಟ್ ಇವೆಲ್ಲ ಬಡವರ ಟೈಪುಗಳು, ನಾವು ನಮ್ಮದೇ ಟೈಪುಗಳನ್ನು ಕಟ್ಟೋಣ. ಮೀಟಿಂಗಿನಲ್ಲಿ ಚಪ್ಪಾಳೆ ಬಿತ್ತು, ಬೇಕರಿಯಿಂದ ಖಾರಾ ಬನ್ ಬಂತು. ವಿಸ್ತೀರ್ಣಕ್ಕೊಂದು ಟೈಪು, ವಿಳಾಸಕ್ಕೊಂದು ಟೈಪು, ಮೊಬೈಲ್ ನಂಬರಿಗೊಂದು ಟೈಪು, ಖಾತೆಯ ಬಗೆಗೊಂದು ಟೈಪು. ಗೋಡೆಯ ಮೇಲಿನ ಬಿಳಿ ಹಲಗೆಯಲ್ಲಿ ಬಾಕ್ಸುಗಳು, ಬಾಕ್ಸಿನೊಳಗೆ ಬಾಕ್ಸುಗಳು. ಅದರ ಫೋಟೊ ಲಿಂಕ್ಡ್‌ಇನ್ ಸೇರಿ ಆರ್ಕಿಟೆಕ್ಟರಿಗೆ ಅಭಿನಂದನೆಗಳು ಹರಿದುಬಂದವು. ಹೊಸ ಡೇಟಾಬೇಸಿಗೆ ಒಂದು ಸಾಲು ಡೇಟಾ ಇನ್ನೂ ಬಂದಿರಲಿಲ್ಲ.

ನ್ಯಾಯವಾಗಿ ಹೇಳಬೇಕು, ವಿಸ್ತೀರ್ಣದ ವಿಚಾರದಲ್ಲಿ ಅವರ ಅನುಮಾನ ಸರಿಯಾಗಿಯೇ ಇತ್ತು. ಹಳೆಯ ಟೇಬಲ್‌ನಲ್ಲಿ ಎರಡು ಎಕರೆ ಮೂವತ್ತು ಗುಂಟೆಯನ್ನು 2.30 ಎಂದು ಬರೆದಿದ್ದರು. ಅದಕ್ಕೆ ಒಂದು ಎಕರೆ ಇಪ್ಪತ್ತು ಗುಂಟೆ, ಅಂದರೆ 1.20 ಕೂಡಿಸಿದರೆ ಕಂಪ್ಯೂಟರ್ 3.50 ಎಂದಿತು. ಎಕರೆಗೆ ನಲವತ್ತೇ ಗುಂಟೆ; ನಿಜವಾದ ಮೊತ್ತ ನಾಲ್ಕು ಎಕರೆ ಹತ್ತು ಗುಂಟೆ. ಗುಂಟೆಯ ಕೆಳಗೆ ಆಣೆ, ಗುಂಟೆಗೆ ಹದಿನಾರು. ಹತ್ತರ ಲೆಕ್ಕ ಮಾತ್ರ ಗೊತ್ತಿರುವ ಕಾಲಂನಲ್ಲಿ ನಲವತ್ತು-ಹದಿನಾರರ ಲೆಕ್ಕ ಕೂರುವುದಿಲ್ಲ. ಗುಂಟೆ ಎಂದರೆ 1,089 ಚದರಡಿ, ಆಣೆ ಎಂದರೆ ಸುಮಾರು 68 ಚದರಡಿ. ಎರಡು ಸ್ಕೂಟರ್ ನಿಲ್ಲಿಸುವ ಜಾಗ. ಉಪನಗರದಲ್ಲಿ ಅಷ್ಟಕ್ಕೇ ಅಕ್ಕಪಕ್ಕದವರು ಮಾತು ಬಿಟ್ಟ ಉದಾಹರಣೆಗಳಿವೆ. ಹಾಗಾಗಿ ವಿಸ್ತೀರ್ಣಕ್ಕೆ ಅದರದೇ ಶಿಸ್ತು ಬೇಕು ಎಂಬುದರಲ್ಲಿ ತಕರಾರಿಲ್ಲ.

ಈ ಕಾಯಿಲೆಯೂ ಹೊಸದಲ್ಲ, ಮದ್ದೂ ಹೊಸದಲ್ಲ. ಅಮೆರಿಕದ ಬರ್ಕ್ಲಿಯಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಎಂಬ ಪ್ರೊಫೆಸರು ಇಂಗ್ರೆಸ್ ಎಂಬ ಡೇಟಾಬೇಸ್ ಕಟ್ಟಿದ್ದರು. ಅದಕ್ಕೆ ದಿನಾಂಕದ ಟೈಪು ಸೇರಿಸಿದಾಗ ಬಾಂಡ್ ವ್ಯಾಪಾರದ ಗಿರಾಕಿಯೊಬ್ಬ ಇದು ತಪ್ಪು ಎಂದನಂತೆ. ಕ್ಯಾಲೆಂಡರ್ ಪ್ರಕಾರ ಎಲ್ಲ ಸರಿಯಿತ್ತು. ಆದರೆ ಅವನ ಬಾಂಡಿನ ಬಡ್ಡಿ ಲೆಕ್ಕದಲ್ಲಿ ಫೆಬ್ರವರಿಯೂ ಸೇರಿ ಪ್ರತಿ ತಿಂಗಳಿಗೂ ಮೂವತ್ತೇ ದಿನ. ಗಿರಾಕಿಯ ಲೋಕದ ಲೆಕ್ಕ ಗಿರಾಕಿಗೇ ಗೊತ್ತು, ಟೈಪು ಕಟ್ಟುವ ಅಧಿಕಾರ ಅವನಿಗೇ ಇರಲಿ ಎಂಬ ತಿಳಿವಳಿಕೆ ಇಂಥ ಕಡೆ ಹುಟ್ಟಿತು. 1986ರಲ್ಲಿ ಲಾರೆನ್ಸ್ ರೋ ಜೊತೆ ಸೇರಿ ಅವರು ಬರೆದ ಪೋಸ್ಟ್‌ಗ್ರೆಸ್ ವಿನ್ಯಾಸದ ಪ್ರಬಂಧದಲ್ಲಿ ಅದು ಮುಖ್ಯ ಗುರಿಗಳಲ್ಲೊಂದು. ಆ ಮನುಷ್ಯನಿಗೆ 2014ರ ಟ್ಯೂರಿಂಗ್ ಪ್ರಶಸ್ತಿಯೂ ಬಂತು. ನಮ್ಮ ಎಕರೆ-ಗುಂಟೆ-ಆಣೆ ಅವರ ಕಣ್ಣಿಗೆ ಬಿದ್ದಿದ್ದರೆ ಬಾಂಡ್ ಬಿಟ್ಟು ಇದನ್ನೇ ಉದಾಹರಣೆ ಕೊಡುತ್ತಿದ್ದರು ಎಂದು ನನ್ನ ಗುಮಾನಿ.

ಅಧಿಕಾರ ಕೊಟ್ಟರು ಸರಿ. ಬಿಲ್ಲು ಯಾರು ಕಟ್ಟಬೇಕು?

ನಮ್ಮ ಕಂಪನಿಯ ಡೇಟಾಬೇಸೂ ಪೋಸ್ಟ್‌ಗ್ರೆಸ್ಸೇ. ಅದರಲ್ಲಿ ಆರ್ಕಿಟೆಕ್ಟರು ಆರಿಸಿಕೊಂಡಿದ್ದು ಕಾಂಪೋಸಿಟ್ ಟೈಪು. ಎಕರೆಗೆ ಒಂದು ಇಂಟಿಜರ್, ಗುಂಟೆಗೆ ಒಂದು, ಆಣೆಗೆ ಒಂದು. ಮೂರನ್ನೂ ಕಟ್ಟಿ ‘ವಿಸ್ತೀರ್ಣ’ ಎಂಬ ಹೆಸರು. ಒಂದೊಂದು ಇಂಟಿಜರಿಗೆ 4 ಬೈಟು, ಮೂರಕ್ಕೆ 12. ಮೀಟಿಂಗಿನಲ್ಲಿ ಹೇಳಿದ ಲೆಕ್ಕ ಅಷ್ಟೇ. ಪೋಸ್ಟ್‌ಗ್ರೆಸ್ಸಿಗೆ ‘ಇದರ ತೂಕ ಎಷ್ಟು’ ಎಂದು ಕೇಳುವ ಪಿಜಿ ಕಾಲಂ ಸೈಜ್ ಎಂಬ ಫಂಕ್ಷನ್ ಇದೆ. ಅದನ್ನು ಯಾರಾದರೂ ಅಂದೇ ಕೇಳಿದ್ದರೆ 36 ಎನ್ನುತ್ತಿತ್ತು.

ಉಳಿದ 24 ಎಲ್ಲಿಂದ ಬಂತು? ಪೋಸ್ಟ್‌ಗ್ರೆಸ್ಸಿನ ಕಣ್ಣಿಗೆ ಕಾಂಪೋಸಿಟ್ ಮೌಲ್ಯವೂ ಒಂದು ಪೂರಾ ಸಾಲೇ. ಟೇಬಲ್‌ನ ಸಾಲಿಗೆ ಯಾವ ತಲೆಬರಹ ಇದೆಯೋ ಅದೇ ತಲೆಬರಹ ಇದಕ್ಕೂ. ಮೊದಲ 12 ಬೈಟಿನಲ್ಲಿ ತನ್ನ ಉದ್ದ ಎಷ್ಟು, ತಾನು ಯಾವ ಟೈಪು, ಅದರ ಉಪವಿವರ ಏನು ಎಂಬ ಪ್ರವರ. ಆಮೇಲೆ 6 ಬೈಟು ವಿಳಾಸ: ಯಾವ ಪುಟ, ಆ ಪುಟದಲ್ಲಿ ಎಷ್ಟನೆಯ ಜಾಗ. ನಂತರ ಎರಡೆರಡು ಬೈಟಿನ ಎರಡು ಗುರುತುಗಳು. ಕೊನೆಗೆ ಅಸಲಿ ಮಾಲು ಎಲ್ಲಿಂದ ಶುರು ಎಂದು ಹೇಳಲು ಒಂದು ಬೈಟು. ಒಟ್ಟು 23, ಎಂಟರ ಗುಣಕಕ್ಕೆ ತರಲು ಇನ್ನೊಂದು ಸೇರಿ 24.

ಆ 6 ಬೈಟಿನ ವಿಳಾಸವನ್ನು ನೋಡಿ. ಸಾಲೊಂದರ ಹೊಟ್ಟೆಯೊಳಗೆ ಕೂತ ಮೌಲ್ಯಕ್ಕೆ ಸ್ವಂತ ವಿಳಾಸವೇ ಇಲ್ಲ. ಹೊರಗಿನ ಸಾಲು ಎಲ್ಲಿದೆಯೋ ಅಲ್ಲೇ ಇದೂ. ಆದರೂ ಅರ್ಜಿ ನಮೂನೆಯಲ್ಲಿ ಜಾಗ ಇದೆ, ಹಾಗಾಗಿ ಬಿಟ್ಟಿರಬೇಕು. ತಾಲ್ಲೂಕು ಕಚೇರಿಯ ಫಾರಂನಲ್ಲಿ ‘ಹಾಲಿ ವಿಳಾಸ’ದ ಕೆಳಗೆ ‘ಖಾಯಂ ವಿಳಾಸ’, ಅದರ ಎದುರು ‘ಮೇಲ್ಕಂಡಂತೆ’ ಎಂದು ಬರೆದು ಬಂದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಇಲ್ಲಿ ಆ ‘ಮೇಲ್ಕಂಡಂತೆ’ಯನ್ನು ಪ್ರತಿ ಸಾಲಿನಲ್ಲೂ, ಪ್ರತಿ ಕಾಲಂನಲ್ಲೂ ಬರೆಸುತ್ತಾರೆ.

ಪೋಸ್ಟ್‌ಗ್ರೆಸ್ ಕಟ್ಟಿದವರನ್ನು ಬೈಯಬೇಕಿಲ್ಲ. ಸಾಲಿಗೂ ಕಾಂಪೋಸಿಟ್ ಮೌಲ್ಯಕ್ಕೂ ಒಂದೇ ನಮೂನೆ ಇದ್ದರೆ ಓದುವ ಕೋಡೂ ಒಂದೇ ಸಾಕು. ಯಾವ ಟೇಬಲ್‌ನ ಸಾಲನ್ನಾದರೂ ಎತ್ತಿ ಫಂಕ್ಷನ್ನಿಗೆ ಕೊಡಬಹುದು. ಫಂಕ್ಷನ್ನುಗಳ ನಡುವೆ ಹರಿದಾಡುವ ಮೌಲ್ಯಕ್ಕೆ ಇದು ಸೊಗಸಾದ ಏರ್ಪಾಡು. ಅದನ್ನೇ ಡಿಸ್ಕಿನ ಮೇಲೆ ಕೋಟಿಗಟ್ಟಲೆ ಹರವಿ ಎಂದು ಅವರೇನೂ ಹೇಳಲಿಲ್ಲ. ಇನ್ನೂ ಒಂದು ಉಪಕಾರ ಮಾಡಿದ್ದಾರೆ: ಟೇಬಲ್‌ಗೆ ಇಳಿಸುವಾಗ ಪೋಸ್ಟ್‌ಗ್ರೆಸ್ ಚಿಕ್ಕ ಮೌಲ್ಯಗಳ ಉದ್ದದ ಗುರುತನ್ನು ನಾಲ್ಕು ಬೈಟಿನಿಂದ ಒಂದಕ್ಕೆ ಇಳಿಸುತ್ತದೆ. ಹಾಗಾಗಿ ಡಿಸ್ಕಿನಲ್ಲಿ 36 ಅಲ್ಲ, 33. ಹನ್ನೆರಡು ಬೈಟಿನ ಮಾಲಿಗೆ ಇಪ್ಪತ್ತೊಂದು ಬೈಟಿನ ಖರಾಬು. ಮೂಗಿಗಿಂತ ಮೂಗುತಿ ಭಾರ.

ಲೆಕ್ಕ ಇಲ್ಲಿಗೇ ನಿಂತಿದ್ದರೆ ನಾನು ಬರೆಯುತ್ತಿರಲಿಲ್ಲ. ಪಹಣಿಯಲ್ಲಿ ವಿಸ್ತೀರ್ಣ ಒಂದಲ್ಲ, ನಾಲ್ಕು: ಒಟ್ಟು, ಖರಾಬ್ ‘ಎ’, ಖರಾಬ್ ‘ಬಿ’, ಉಳಿಕೆ. ನಾಲ್ಕಕ್ಕೂ ಹೊಸ ಟೈಪೇ. ಖರಾಬು ಸೊನ್ನೆ ಇದ್ದರೂ ಆ ಸೊನ್ನೆಯನ್ನು ಹೇಳಲು 33 ಬೈಟು. ಬಂಡೆ ಇಲ್ಲದ ಹೊಲಕ್ಕೂ ಡಿಸ್ಕಿನಲ್ಲಿ ಬಂಡೆ.

ಪೋಸ್ಟ್‌ಗ್ರೆಸ್ಸಿನ ಒಂದು ಪುಟ 8,192 ಬೈಟು. ಅದರಲ್ಲಿ 24 ಪುಟದ ತಲೆಬರಹಕ್ಕೆ. ಪ್ರತಿ ಸಾಲಿಗೆ ಹೇಗೂ ತಪ್ಪದ 24ರ ತಲೆಬರಹ, ಜೊತೆಗೆ 4 ಬೈಟಿನ ಸೂಚಕ. ಸಾಲಿನಲ್ಲಿ 8 ಬೈಟಿನ ಒಂದು ಕ್ರಮಸಂಖ್ಯೆ, ನಾಲ್ಕು ವಿಸ್ತೀರ್ಣ ಅಷ್ಟೇ ಇವೆ ಎನ್ನೋಣ. ಒಂದೊಂದು ವಿಸ್ತೀರ್ಣವನ್ನೂ ಒಂದೇ ಸಾದಾ ಇಂಟಿಜರಿನಲ್ಲಿಟ್ಟರೆ (ಹೇಗೆಂಬುದು ಮುಂದೆ ಬರುತ್ತದೆ) ಪುಟವೊಂದಕ್ಕೆ 157 ಸಾಲು ಕೂರುತ್ತವೆ. ಆರ್ಕಿಟೆಕ್ಟರ ಟೈಪಿನಲ್ಲಿ ಕೂರುವುದು 47. ಕರ್ನಾಟಕ ಸರ್ಕಾರ ‘ಭೂಮಿ’ ಯೋಜನೆಯಲ್ಲಿ ಕಂಪ್ಯೂಟರಿಗೆ ಏರಿಸಿದ ಪಹಣಿಗಳು ಸುಮಾರು 2 ಕೋಟಿ. ಅಷ್ಟನ್ನು ನಮ್ಮ ಆರ್ಕಿಟೆಕ್ಟರ ಕೈಗೆ ಕೊಟ್ಟಿದ್ದರೆ ಒಂದು ಜಿಬಿಯಲ್ಲಿ ಮುಗಿಯಬೇಕಿದ್ದ ಟೇಬಲ್ ಮೂರೂವರೆ ಜಿಬಿಗೆ ಬಂದು ನಿಲ್ಲುತ್ತಿತ್ತು. ಬೇರೆ ಕಾಲಂ, ಇಂಡೆಕ್ಸು, ಬ್ಯಾಕಪ್ಪು ಯಾವುದನ್ನೂ ಸೇರಿಸದೆ.

‘ಡಿಸ್ಕ್ ಈಗ ಅಗ್ಗ ಸಾರ್.’ ಈ ಮಾತನ್ನು ಕೇಳದೆ ಯಾವ ಡೇಟಾಬೇಸ್ ಮೀಟಿಂಗೂ ಮುಗಿಯುವುದಿಲ್ಲ. ಡಿಸ್ಕ್ ಅಗ್ಗವೇ. ಆದರೆ ಓದುವಾಗ ಪುಟ ಡಿಸ್ಕಿನಿಂದ ಮೆಮೊರಿಗೆ ಬರಬೇಕು, ಮೆಮೊರಿ ಅಗ್ಗವಲ್ಲ. ಮೂರು ಪಟ್ಟು ಪುಟ ಓದಬೇಕು, ನಕಲು ಸರ್ವರಿಗೂ ಮೂರು ಪಟ್ಟು, ರಾತ್ರಿ ಬ್ಯಾಕಪ್ಪಿಗೂ ಮೂರು ಪಟ್ಟು. ತಿಂಗಳ ಕೊನೆಗೆ ಕ್ಲೌಡ್ ಬಿಲ್ಲು ಬಂದಾಗ ಅಗ್ಗ ಎಂದವರು ರಜೆಯಲ್ಲಿರುತ್ತಾರೆ.

ಕಂಪನಿಯಲ್ಲಿ ಒಬ್ಬ ನಿವೃತ್ತ ಸರ್ವೇಯರ್ ಇದ್ದರು. ಜಮೀನಿನ ಲೆಕ್ಕ ಹೇಳಿಕೊಡಲು ಇಟ್ಟುಕೊಂಡಿದ್ದು. ಹೆಚ್ಚು ಹೊತ್ತು ಕಿಟಕಿ ಪಕ್ಕ ಕೂತು ಪೇಪರ್ ಓದುತ್ತಿದ್ದರು, ಏಕೆಂದರೆ ಅವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಒಂದು ದಿನ ರಿಪೋರ್ಟು ತೆರೆಯಲು ತುಂಬ ಹೊತ್ತು ಹಿಡಿದಾಗ ಪೇಪರ್ ಮಡಚಿ ಹತ್ತಿರ ಬಂದರು.

‘ಏನಪ್ಪಾ ಇದು, ಇಷ್ಟು ತಡ?’

‘ವಿಸ್ತೀರ್ಣ ಕೂಡಿಸ್ತಾ ಇದೆ ಸಾರ್. ಮೂರು ಭಾಗ ಬಿಚ್ಚಿ, ಆಣೆ ಕೂಡಿಸಿ, ಗುಂಟೆಗೆ ಏರಿಸಿ, ಗುಂಟೆಯಿಂದ ಎಕರೆಗೆ ಏರಿಸಿ…’

‘ಯಾಕೆ ಬಿಚ್ತೀರಿ? ಎಲ್ಲಾ ಆಣೆಗೆ ತಂದು ಇಟ್ಕೊಳ್ಳಿ. ಎಕರೆಗೆ ಆರುನೂರ ನಲವತ್ತು ಆಣೆ. ಕೂಡೋದು ಕಳೆಯೋದು ಎಲ್ಲಾ ಆಣೇಲೇ ಮಾಡಿ, ಕೊನೇಗೆ ಕಾಗದದ ಮೇಲೆ ಬರೆಯೋವಾಗ ಎಕರೆ-ಗುಂಟೆ ಮಾಡಿ ತೋರ್ಸಿ. ನಾವು ಮೂವತ್ತು ವರ್ಷ ಹಾಗೇ ಮಾಡಿದ್ದು.’

ಅಷ್ಟೇ. ಒಂದು ಇಂಟಿಜರ್, 4 ಬೈಟು. ಅದರಲ್ಲಿ ಹಿಡಿಸುವ ಗರಿಷ್ಠ ಸಂಖ್ಯೆ 214 ಕೋಟಿ ಚಿಲ್ಲರೆ. ಆಣೆ ಲೆಕ್ಕದಲ್ಲಿ 33 ಲಕ್ಷ ಎಕರೆಗೂ ಮೇಲೆ. ಕೆಂಗೇರಿ ಕಡೆ ಜಮೀನು ಮಾಡಿದವರಲ್ಲಿ ದೊಡ್ಡ ಕುಳಗಳಿದ್ದಾರೆ ನಿಜ, ಆದರೆ ಅಷ್ಟಿದ್ದವರು ಯಾರೂ ಇನ್ನೂ ಆಫೀಸಿಗೆ ಬಂದಿಲ್ಲ. ಬಂದರೆ 8 ಬೈಟಿನ ಕಾಲಂ ಕೊಡೋಣ. ಅದರಲ್ಲಿ ಇಡೀ ರಾಜ್ಯವನ್ನೇ ಆಣೆಗಟ್ಟಲೆ ಅಳೆದಿಟ್ಟರೂ ಜಾಗ ಮಿಗುತ್ತದೆ.

ಆರ್ಕಿಟೆಕ್ಟರಿಗೆ ಇದು ಒಪ್ಪಿಗೆಯಾಗಲಿಲ್ಲ. ಇಂಟಿಜರ್ ಎಂದರೆ ಅದರಲ್ಲಿ ಅರ್ಥ ಎಲ್ಲಿ ಉಳಿಯಿತು, ‘ವಿಸ್ತೀರ್ಣ’ ಎಂಬ ಹೆಸರು ಬೇಡವೇ ಎಂದು ಕೇಳಿದರು. ಬೇಕು. ಅದಕ್ಕೇ ಡೊಮೈನ್ ಎಂಬ ಏರ್ಪಾಡು ಇದೆ. ಇಂಟಿಜರಿಗೇ ‘ವಿಸ್ತೀರ್ಣ’ ಎಂದು ನಾಮಕರಣ ಮಾಡಿ, ಸೊನ್ನೆಗಿಂತ ಕಡಿಮೆ ಇರಕೂಡದು ಎಂದು ಷರತ್ತು ಹಾಕಬಹುದು. ಹೆಸರು ಸಿಕ್ಕಿತು, ಶಿಸ್ತು ಸಿಕ್ಕಿತು. ಡಿಸ್ಕಿನಲ್ಲಿ ಹೆಚ್ಚುವರಿ ತೂಕ ಸೊನ್ನೆ ಬೈಟು. ಆದರೆ ಡೊಮೈನಿಗೆ ಬಾಕ್ಸಿನೊಳಗೆ ಬಾಕ್ಸು ಬರೆಯಲಾಗುವುದಿಲ್ಲ, ಫೋಟೊ ಚೆನ್ನಾಗಿ ಬರುವುದಿಲ್ಲ. ಅದೇ ತೊಡಕು.

ಸ್ವಂತ ಟೈಪುಗಳೆಲ್ಲ ದುಂದು ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳುವವರು ಇನ್ನೊಂದು ಬಗೆಯ ಅರೆಬೆಂದವರು. ಖಾತೆಯ ಬಗೆಯನ್ನೇ ತೆಗೆದುಕೊಳ್ಳಿ. ‘ಬಿ ಖಾತಾ’ ಎಂದು ಪ್ರತಿ ಸಾಲಿನಲ್ಲೂ ಅಕ್ಷರದಲ್ಲಿ ಬರೆದರೆ 20 ಬೈಟು. ಎನಮ್ ಟೈಪು ಮಾಡಿದರೆ ಹೆಸರು ಒಂದು ಕಡೆ ಮಾತ್ರ ಇರುತ್ತದೆ, ಸಾಲಿನಲ್ಲಿ 4 ಬೈಟಿನ ಗುರುತು. ಇಲ್ಲಿ ಸ್ವಂತ ಟೈಪು ಜಾಗ ಉಳಿಸಿಕೊಟ್ಟಿತು. ಒಂದೇ ಎಚ್ಚರ: ಎನಮ್ಮಿಗೆ ಹೊಸ ಹೆಸರು ಸೇರಿಸಬಹುದು, ಇದ್ದ ಹೆಸರನ್ನು ಬದಲಿಸಬಹುದು, ತೆಗೆದುಹಾಕುವ ಆಜ್ಞೆ ಇಲ್ಲ. ನಾಳೆ ಸರ್ಕಾರ ‘ಬಿ’ಯನ್ನೆಲ್ಲ ‘ಎ’ ಮಾಡಿದರೂ ಪೋಸ್ಟ್‌ಗ್ರೆಸ್ಸಿನ ಪಟ್ಟಿಯಲ್ಲಿ ‘ಬಿ’ ಚಿರಂಜೀವಿ. ಇನ್ನು ಸಿ ಭಾಷೆಯಲ್ಲಿ ಬರೆದು ಮೂಲ ಟೈಪನ್ನೇ ಕಟ್ಟಿದರೆ ಎಷ್ಟು ಬೈಟು ಎಂದು ನೀವೇ ಹೇಳಬಹುದು, ತಲೆಬರಹದ ಕಾಟವಿಲ್ಲ. ಅದನ್ನು ಮಾಡಬಲ್ಲವರು ಬೇಕರಿ ಮೇಲಿನ ಕಂಪನಿಗೆ ಬರುವುದಿಲ್ಲ. ಆರಕಲ್‌ನವರು 1997ರಲ್ಲಿ ಎಂಟನೇ ಆವೃತ್ತಿಯಲ್ಲಿ ಆಬ್ಜೆಕ್ಟ್ ಟೈಪು ತಂದರು. ಅಲ್ಲಿಯೂ ಆಬ್ಜೆಕ್ಟ್ ಟೇಬಲ್‌ನ ಸಾಲಿಗೆ 16 ಬೈಟಿನ ಗುರುತು ತಾನಾಗಿ ಅಂಟಿಕೊಳ್ಳುತ್ತದೆ. ಊರು ಬೇರೆಯಾದರೂ ಖರಾಬು ತಪ್ಪಿದ್ದಲ್ಲ.

ಕಂಪನಿಗೆ ನಿಜವಾದ ಏಟು ಬಿದ್ದಿದ್ದು ಗಿರಾಕಿಯೊಬ್ಬ ಅರ್ಧ ಆಣೆಯ ಲೆಕ್ಕ ತಂದಾಗ. ಆಣೆಯ ಭಾಗವನ್ನು ದಶಾಂಶಕ್ಕೆ ಬದಲಿಸೋಣ ಎಂದು ಆಜ್ಞೆ ಕೊಟ್ಟರೆ ಪೋಸ್ಟ್‌ಗ್ರೆಸ್ ಸಾಧ್ಯವಿಲ್ಲ ಎಂದಿತು: ಈ ಟೈಪನ್ನು ಟೇಬಲ್ ಒಂದು ಬಳಸುತ್ತಿದೆ, ಆದ್ದರಿಂದ ಬದಲಿಸುವಂತಿಲ್ಲ. ಬಳಸಲೆಂದೇ ಮಾಡಿದ ಟೈಪು, ಬಳಸಿದ್ದಕ್ಕೇ ಬದಲಾಗುವುದಿಲ್ಲ. ಹೊಸ ಟೈಪು, ಹೊಸ ಕಾಲಂ, ಎಲ್ಲ ಡೇಟಾ ಅತ್ತಿಂದಿತ್ತ. ಎರಡು ಶನಿವಾರ-ಭಾನುವಾರ ಹುಡುಗರು ಬೇಕರಿಯ ಪಫ್ಸ್ ತಿಂದು ಬದುಕಿದರು. ಸರ್ವೇಯರ್ ಲೆಕ್ಕದಂತೆ ಇಟ್ಟಿದ್ದರೆ ಎಲ್ಲವನ್ನೂ ಎರಡರಿಂದ ಗುಣಿಸಿ ಮನೆಗೆ ಹೋಗಬಹುದಿತ್ತು.

ಬಿಲ್ಲು ಹೆಚ್ಚಾಯಿತು, ಮಾಲೀಕರು ಮುಖ ಕೆಂಪು ಮಾಡಿದರು. ‘ಆಪ್ಟಿಮೈಸೇಶನ್’ ಎಂಬ ಹೊಸ ಮೀಟಿಂಗು. ಮೊದಲ ಸಲಹೆ ಕಾಲಂಗಳ ಸಾಲುಸರದಿ ಬದಲಿಸುವುದು. ತಪ್ಪಲ್ಲ. 1 ಬೈಟಿನ ಹೌದು-ಅಲ್ಲ ಕಾಲಂ ಪಕ್ಕ 8 ಬೈಟಿನ ಸಂಖ್ಯೆ ಇಟ್ಟರೆ ನಡುವೆ 7 ಬೈಟು ಖಾಲಿ ಬಿಡುತ್ತದೆ. ಅಂಥ ಎರಡು ಜೋಡಿ ಇದ್ದರೆ 18 ಬೈಟಿನ ಮಾಲಿಗೆ 32. ದೊಡ್ಡದನ್ನು ಮುಂದೆ, ಚಿಕ್ಕದನ್ನು ಹಿಂದೆ ಇಟ್ಟರೆ ಬಹುಪಾಲು ಉಳಿಯುತ್ತದೆ. ಇದನ್ನು ಮೂರು ವಾರ ಮಾಡಿದರು. ಅದೇ ಟೇಬಲ್‌ನಲ್ಲಿ ಜಮೀನಿನ ಫೋಟೊಗಳನ್ನು ಬೇಸ್ 64 ಅಕ್ಷರಗಳಾಗಿ, ಅಂದರೆ ಮೂರನೇ ಒಂದು ಭಾಗ ಉಬ್ಬಿಸಿ, ತುಂಬಿಟ್ಟಿದ್ದನ್ನು ಯಾರೂ ಮುಟ್ಟಲಿಲ್ಲ.

ಎರಡನೇ ಸಲಹೆ ಆರ್ಕಿಟೆಕ್ಟರದೇ. ಹೆಸರುಗಳೆಲ್ಲ ಕನ್ನಡದಲ್ಲಿರುವುದರಿಂದ ಜಾಗ ಹಾಳಾಗುತ್ತಿದೆ, ಇಂಗ್ಲಿಷಿಗೆ ಬದಲಿಸೋಣ.

ಲೆಕ್ಕ ಸುಳ್ಳಲ್ಲ. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಯುಟಿಎಫ್-8 ರೂಪಿಸಿದಾಗ ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟು ಸಾಕಾಯಿತು. ಯೂನಿಕೋಡ್ ಪಟ್ಟಿಯಲ್ಲಿ ಕನ್ನಡದ ಮನೆ ದೂರದ ಬೀದಿಯಲ್ಲಿದೆ, ಅಲ್ಲಿಗೆ ಮೂರು ಬೈಟು. ‘ಕೆಂಗೇರಿ’ಗೆ ಏತ್ವ, ಸೊನ್ನೆ, ದೀರ್ಘ ಎಲ್ಲ ಸೇರಿ ಏಳು ಸಂಕೇತ, 21 ಬೈಟು. ಇಂಗ್ಲಿಷಿನಲ್ಲಿಯೂ ಏಳೇ ಅಕ್ಷರ, 7 ಬೈಟು. ಉಳಿತಾಯ ಹದಿನಾಲ್ಕು. (ಮೈಕ್ರೋಸಾಫ್ಟ್ ಎಸ್‌ಕ್ಯುಎಲ್ ಸರ್ವರಿನ ಎನ್‌ವಾರ್ಚಾರ್ ಕಾಲಂನಲ್ಲಿಟ್ಟರೆ ಎರಡಕ್ಕೂ 14, ಅಲ್ಲಿ ಸಮಪಾಲು.) ಅದೂ ಊರಿನ ಹೆಸರನ್ನು ಪ್ರತಿ ಸಾಲಿನಲ್ಲೂ ಬರೆದರೆ. ಬೇರೆ ಟೇಬಲ್‌ನಲ್ಲಿ ಒಮ್ಮೆ ಬರೆದು ಇಲ್ಲಿ ನಂಬರ್ ಇಟ್ಟರೆ ಯಾವ ಭಾಷೆಯಾದರೂ 4 ಬೈಟು.

ಆ ಬಿಳಿ ಹಲಗೆಯ ನಾಲ್ಕು ವಿಸ್ತೀರ್ಣಗಳು ಪ್ರತಿ ಸಾಲಿನಲ್ಲಿ ನುಂಗುತ್ತಿದ್ದುದು 132 ಬೈಟು, ಬೇಕಿದ್ದುದು 16. ದುಂದು 116. ಅದರ ಕಡೆ ಯಾರೂ ಬೆರಳು ತೋರಿಸಲಿಲ್ಲ, ಏಕೆಂದರೆ ಅದು ‘ಆರ್ಕಿಟೆಕ್ಚರ್’. ಕನ್ನಡದ 14ಕ್ಕೆ ಮಾತ್ರ ಸ್ಲೈಡ್ ತಯಾರಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಪಹಣಿಯಲ್ಲಿರುವ ರೈತನ ಹೆಸರನ್ನು ಇಂಗ್ಲಿಷಿಗೆ ತಿರುಗಿಸಿ ಮತ್ತೆ ಕನ್ನಡಕ್ಕೆ ತಂದಾಗ ಕೆಂಪಣ್ಣ ಕೆಂಪನ್ನನಾಗಿ, ಮಾಳಪ್ಪ ಮಾಲಪ್ಪನಾಗಿ, ಆ ಒಂದು ಅಕ್ಷರಕ್ಕಾಗಿ ಮಗ ತಾಲ್ಲೂಕು ಕಚೇರಿ ಅಲೆಯುವ ವೆಚ್ಚ ಯಾವ ಸ್ಲೈಡಿನಲ್ಲೂ ಇರಲಿಲ್ಲ.

ಆರ್ಕಿಟೆಕ್ಟರು ಈಗ ಇನ್ನೂ ದೊಡ್ಡ ಕಂಪನಿಯಲ್ಲಿದ್ದಾರೆ. ಬಯೋಡೇಟಾದಲ್ಲಿ ‘ಕಸ್ಟಮ್ ಟೈಪ್ ಸಿಸ್ಟಮ್ ವಿನ್ಯಾಸ’ ಎಂಬ ಸಾಲು ಇದೆಯಂತೆ. ಸರ್ವೇಯರ್ ಸಾಹೇಬರು ಕೆಲಸ ಬಿಟ್ಟರು. ಕಿಟಕಿ ಪಕ್ಕದ ಜಾಗದಲ್ಲಿ ಕಾಫಿ ಮಷೀನು ಬಂದಿದೆ.

ನಿಮ್ಮ ಆಫೀಸಿನ ಟೇಬಲ್‌ನಲ್ಲಿಯೂ ಇಂಥ ಟೈಪು ಕೂತಿದ್ದರೆ ಒಂದು ಸಣ್ಣ ಕೆಲಸ ಮಾಡಿ. ಮುಂದಿನ ಮೀಟಿಂಗಿಗೆ ಹೋಗುವ ಮುನ್ನ ಆ ಕಾಲಂ ಮೇಲೆ ಪಿಜಿ ಕಾಲಂ ಸೈಜ್ ಓಡಿಸಿ ನೋಡಿ. 4 ಬಂದರೆ ಸುಮ್ಮನಿರಿ. 33 ಬಂದರೆ ಪ್ರಿಂಟ್ ತೆಗೆದು ಟೀಮ್ ಲೀಡ್ ಮೇಜಿನ ಮೇಲಿಡಿ. ಕನ್ನಡದ ಕಾಲಂ ಮುಟ್ಟಲು ಬಿಡಬೇಡಿ.